ಎಂಟನೆಯ ರೊಟ್ಟಿ ಮತ್ತು ಸುಖ್‌ದೇವನ ಬಲಗೈ

ಏಳು ರೊಟ್ಟಿ ತಿಂದಾಗಿತ್ತು. ಎಂಟನೆಯದು ಕೈಗೆ ಬಿತ್ತು.

ಹೊಟ್ಟೆಬಾಕ ಅಂದುಕೊಳ್ಳಬೇಡಿ. ತಪ್ಪು ನನ್ನ ಅಮ್ಮನದು. ಪ್ರಸಾದಕ್ಕೆ ಬೇಡ ಅನ್ನಬಾರದು ಎಂದು ಚಿಕ್ಕಂದಿನಲ್ಲೇ ತಲೆಗೆ ಮೊಟಕಿ ಕಲಿಸಿದ್ದಳು. ಕಳೆದ ತಿಂಗಳು ಹಿಮಾಚಲದ ಮಣಿಕರಣ್ ಗುರುದ್ವಾರದ ಲಂಗರಿನಲ್ಲಿ, ಎಲ್ಲರಿಗೂ ಬಡಿಸುವ ಉಚಿತ ಊಟಕ್ಕೆ ಕೂತಿದ್ದೆ. ಬಡಿಸುವವರು ಬುಟ್ಟಿ ಹಿಡಿದು ‘ಪರ್ಶಾದಾ ಜೀ, ಪರ್ಶಾದಾ’ ಎನ್ನುತ್ತ ಬರುತ್ತಿದ್ದರು. ಪ್ರಸಾದ ತಾನೇ? ಪ್ರತಿ ಸಲವೂ ಎರಡು ಕೈ ಒಡ್ಡಿದೆ.

‘ಎಂತ ಮಾರಾಯ್ರೆ, ನಿಮಗೆ ಶುಗರ್ ಉಂಟಲ್ಲ?’ ಪಕ್ಕದಲ್ಲಿದ್ದ ಹೆಂಡತಿ ಶಶಿಕಲಾ ಕೇಳಿದಳು.

‘ಪ್ರಸಾದ ಮಾರಾಯ್ತಿ. ಬೇಡ ಅನ್ನುವುದು ಹೇಗೆ?’

ಎದುರು ಸಾಲಿನ ಹಿರಿಯರೊಬ್ಬರು ನಗುತ್ತ ವಿವರಿಸಿದರು. ಅವರಲ್ಲಿ ಲಂಗರಿನ ರೊಟ್ಟಿಗೇ ಪರ್ಶಾದಾ ಎನ್ನುತ್ತಾರಂತೆ. ಸಾಕಾದರೆ ಕೈ ಮುಗಿದರೆ ಆಯಿತು. (ಇದನ್ನು ಎರಡನೆಯ ರೊಟ್ಟಿಗೇ ಹೇಳಬಾರದಿತ್ತೇ?) ಕೈಗೆ ಬಂದದ್ದನ್ನು ಅಲ್ಲಿ ಚೆಲ್ಲುವಂತಿಲ್ಲ. ತಿಂದೆ.

ಸೌದಿಯಿಂದ ಹೆಂಡತಿಯ ಜೊತೆ ರಜೆಗೆ ಹೊರಟವನು ನೇರ ಉಡುಪಿ ಸೇರುವುದು ಬಿಟ್ಟು ಅಲ್ಲಿಗೇಕೆ ಹೋದೆ? ಸುಖ್‌ದೇವ್ ಸಿಂಗ್‌ಗಾಗಿ.

ನಾನು ಕೆಲಸ ಮಾಡುವುದು ಸೌದಿಯ ಅಬ್ಕೈಕ್‌ನಲ್ಲಿ, ತೈಲ ಪ್ಲಾಂಟ್ ನೋಡಿಕೊಳ್ಳುವ ಒಂದು ಸಣ್ಣ ಮೇಂಟೆನೆನ್ಸ್ ಕಂಪನಿಯಲ್ಲಿ. ಸುಖ್‌ದೇವ್ ಅಲ್ಲಿನ ಪೈಪ್ ಫಿಟ್ಟರ್ ಫೋರ್‌ಮನ್. ಅವನು ಕೂರಿಸಿದ ಜಾಯಿಂಟ್ ಸೋರಿದ್ದನ್ನು ನಾನು ನೋಡಿಲ್ಲ. ಆರು ವರ್ಷದ ಹಿಂದೆ ಸ್ಟೀಮ್ ತಗುಲಿ ಅವನ ಬಲಗೈ ಬೆಂದಿತ್ತು. ಬೆರಳು ಮಡಚಲು ಬಂದರೆ ಮಣಿಕರಣ್‌ಗೆ ಹೋಗಿ, ಅದೇ ಕೈಯಿಂದ ಲಂಗರಿನ ಪಾತ್ರೆ ತೊಳೆಯುತ್ತೇನೆ ಎಂದು ಹರಕೆ ಹೊತ್ತ. ಬೆರಳು ಮಡಚಿದವು. ಹರಕೆ ಮಾತ್ರ ಹಾಗೇ ಉಳಿಯಿತು. ಸಿಗುವ ಹದಿನೈದು ದಿನದ ರಜೆ ಒಂದು ವರ್ಷ ಅಪ್ಪನ ಕಾಯಿಲೆಗೆ, ಇನ್ನೊಂದು ವರ್ಷ ಮಗಳ ಮದುವೆಗೆ ಹೋಯಿತು.

ಪ್ರತಿ ವರ್ಷ ಒಂದು ತಿಂಗಳು ಕೇಳುತ್ತಾನೆ. ಪ್ರತಿ ವರ್ಷ ಹದಿನೈದೇ ದಿನ ಕೊಡುತ್ತಾರೆ.

(ಕೊಡುತ್ತಾರೆ ಎಂದೆನೇ? ರಜೆಯ ಪಟ್ಟಿ ಮಾಡುವವನು ನಾನೇ.)

ಈಗ ಅವನ ಕಿರುಬೆರಳು ಮತ್ತೆ ಬಿಗಿಯುತ್ತಿದೆ. ಹರಕೆ ತೀರಿಸದ್ದಕ್ಕೇ ಹೀಗೆ ಎಂಬ ಭಯ ಅವನನ್ನು ಹಿಡಿದಿದೆ. ‘ಶೆಟ್ಟಿ ಸಾಬ್, ನೀವಾದರೂ ಹೋಗಿ ನನ್ನ ಹೆಸರಲ್ಲಿ ನಾಲ್ಕು ಪಾತ್ರೆ ತೊಳೆದು ಬನ್ನಿ’ ಎಂದ. ಒಪ್ಪಿದೆ. ಪಾಪಪ್ರಜ್ಞೆಗೆ ಇದಕ್ಕಿಂತ ಅಗ್ಗದ ಮದ್ದು ಸಿಗುತ್ತದೆಯೇ?

ಮಣಿಕರಣ್ ವಿಚಿತ್ರ ಜಾಗ. ಮಂಜಿನಷ್ಟು ತಣ್ಣಗಿನ ಪಾರ್ವತಿ ನದಿ, ಅದರ ದಡದಲ್ಲೇ ಕುದಿಯುವ ನೀರಿನ ಬುಗ್ಗೆ. ಲಂಗರಿನ ಅನ್ನ ಆ ನೀರಿನಲ್ಲೇ ಬೇಯುತ್ತದೆ, ಕೆಳಗೆ ಒಲೆ ಇಲ್ಲ. ಹಬೆ ಕಂಡ ಕೂಡಲೇ ನನ್ನ ಕಣ್ಣು ಪ್ರೆಷರ್ ಗೇಜ್ ಹುಡುಕಿತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಕೆಲಸದ ಗುಣವೂ ಅಷ್ಟೇ.

ಎಂಟು ರೊಟ್ಟಿಯ ಭಾರ ಹೊತ್ತು ಪಾತ್ರೆ ತೊಳೆಯುವಲ್ಲಿಗೆ ಹೋದೆ. ಪಕ್ಕದಲ್ಲಿ ಒಬ್ಬ ಅಜ್ಜಿ ತಟ್ಟೆ ಉಜ್ಜುತ್ತಿದ್ದರು. ಯಾವ ಊರು, ಏನು ಹರಕೆ ಎಂದು ವಿಚಾರಿಸಿದರು. ಸುಖ್‌ದೇವನ ಕಥೆ ಹೇಳಿದೆ, ಸ್ವಲ್ಪ ಜಂಬದಿಂದಲೇ. ಅಜ್ಜಿ ಕೈ ನಿಲ್ಲಿಸಲಿಲ್ಲ.

‘ನೀನು ತೊಳೆದದ್ದು ನಿನಗೇ ಆಯಿತು, ಪುತ್ತರ್. ಗುಣವಾದದ್ದು ಅವನ ಕೈ. ಆ ಕೈಯನ್ನು ಕಳಿಸು.’

ವಾಪಸ್ ಬಂದು ಸುಖ್‌ದೇವ್‌ಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನು ಬಲಗೈ ಮುಷ್ಟಿ ಕಟ್ಟಲು ನೋಡಿದ. ಕಿರುಬೆರಳು ಹೊರಗೇ ನಿಂತಿತು.

‘ಇರಲಿ ಬಿಡಿ ಶೆಟ್ಟಿ ಸಾಬ್. ಪ್ಲಾಂಟ್ ನಡೀಬೇಕಲ್ಲ’ ಎಂದ.

ಆ ಮಾತು ಅವನದಲ್ಲ. ಐದು ವರ್ಷದಿಂದ ಅವನ ಅರ್ಜಿ ಹಿಡಿದು ನಾನು ಹೇಳುತ್ತ ಬಂದ ಮಾತು. ನನ್ನದೇ ಮಾತು ಅವನ ಬಾಯಲ್ಲಿ ಕೇಳಿ ನಾಚಿಕೆಯಾಯಿತು.

ಅವತ್ತೇ ಹೊಸ ಪಟ್ಟಿ ಮಾಡಿದೆ. ಮೊದಲ ಸಾಲಿನಲ್ಲಿ ಸುಖ್‌ದೇವ್ ಸಿಂಗ್, ಪೂರ್ತಿ ಒಂದು ತಿಂಗಳು, ಅಲ್ಲಿ ಹಿಮ ಬಿದ್ದು ದಾರಿ ಕಷ್ಟವಾಗುವ ಮೊದಲು. ಮ್ಯಾನೇಜರ್ ಹಾಳೆ ವಾಪಸ್ ಕಳಿಸಿದರು. ಮತ್ತೆ ಇಟ್ಟೆ. ಮತ್ತೆ ಬಂತು. ಮೂರನೆಯ ಸಲ ನಾನೇ ಒಳಗೆ ಹೋದೆ.

‘ಪ್ಲಾಂಟ್ ನಿಲ್ಲಿಸಿ ರಿಪೇರಿ ಮಾಡುವ ಹೊತ್ತಲ್ಲಿ ಇವನಿಗೆ ರಜೆಯೇ? ಜಾಯಿಂಟ್ ಚೆಕ್ ಮಾಡುವವರು ಯಾರು?’ ಎಂದು ಕೇಳಿದರು.

‘ಇಬ್ಬರು ಫಿಟ್ಟರ್‌ಗಳಿಗೆ ಅವನೇ ಈಗ ಕಲಿಸುತ್ತಿದ್ದಾನೆ. ಅವರ ಜೊತೆ ಪ್ರತಿ ಜಾಯಿಂಟಿಗೂ ನಾನು ನಿಲ್ಲುತ್ತೇನೆ. ನನ್ನ ದೀಪಾವಳಿ ರಜೆ ಕ್ಯಾನ್ಸಲ್ ಮಾಡಿದ್ದೇನೆ. ಈ ಹೆಸರು ತೆಗೆದರೆ ಪಟ್ಟಿಗೆ ನನ್ನ ಸಹಿ ಇಲ್ಲ’ ಎಂದೆ.

ಹಾಳೆ ಇನ್ನೂ ಅವರ ಮೇಜಿನ ಮೇಲಿದೆ. ದಿನಾ ಬೆಳಿಗ್ಗೆ ಹೋಗಿ ಎದುರು ನಿಲ್ಲುತ್ತೇನೆ. ‘ದೀಪಾವಳಿಗೆ ನೀವಿಲ್ಲ ಅಂತ ಊರಿನಲ್ಲಿ ನಿಮ್ಮ ಅಮ್ಮನಿಗೆ ನೀವೇ ಹೇಳಿ’ ಎಂದು ಶಶಿಕಲಾ ಫೋನು ಕೈಗಿತ್ತಳು. ಹೇಳಿದೆ. ಸುಖ್‌ದೇವ್ ಹೊರಡುವವರೆಗೆ ನಾನು ಜಗ್ಗುವುದಿಲ್ಲ.

ಒಂದು ಪ್ರಶ್ನೆ ಮಾತ್ರ ರೊಟ್ಟಿಗಿಂತ ಭಾರವಾಗಿ ಹೊಟ್ಟೆಯಲ್ಲಿ ಕೂತಿದೆ. ಎಂಟು ರೊಟ್ಟಿಗೆ ಬೇಡ ಎನ್ನಲು ಹೊರಳದ ಈ ನಾಲಿಗೆ, ಐದು ವರ್ಷ ಅವನಿಗೆ ಇಲ್ಲ ಎನ್ನಲು ಅಷ್ಟು ಸಲೀಸಾಗಿ ಹೊರಳಿದ್ದು ಹೇಗೆ?