ನನ್ನ ವೀರ್ಯಾಣುಗಳ ಓಟದ ರಿಪೋರ್ಟು

ಮದುವೆಯಾಗಿ ಐದು ವರ್ಷವಾದರೂ ನಮಗೆ ಮಕ್ಕಳಾಗಿರಲಿಲ್ಲ. ಅಷ್ಟೂ ವರ್ಷ ಮಾತ್ರೆ ನುಂಗಿದವಳು, ಆಸ್ಪತ್ರೆಯ ಬೆಂಚು ಸವೆಸಿದವಳು ನನ್ನ ಹೆಂಡತಿ. ನಾನು ಅವಳ ಕೈಚೀಲ ಹಿಡಿದು ಹೊರಗೆ ಪೇಪರು ಓದುತ್ತಿದ್ದೆ. ಕಡೆಗೊಮ್ಮೆ ಡಾಕ್ಟರಮ್ಮ, ನಿಮ್ಮದೂ ನೋಡೋಣ ಎಂದಾಗ ನನಗೆ ಸಿಟ್ಟೇ ಬಂತು.

ನಮ್ಮೂರು ಕಾರವಾರದಲ್ಲಿ ಗುರುತಿನವರು ಕಂಡಾರೆಂದು ಅಂಕೋಲೆಗೆ ಹೋದೆ. ಅಲ್ಲಿನ ಹೆದ್ದಾರಿ ಬದಿಯ ಲ್ಯಾಬಿಗೆ ಆಗಷ್ಟೇ ಹೊಸ ಕಂಪ್ಯೂಟರು ಬಂದಿತ್ತು. ಸೂಕ್ಷ್ಮದರ್ಶಕದ ಮೇಲಿನ ಕ್ಯಾಮೆರಾದಿಂದ ನೋಡಿ, ಯಾವ ವೀರ್ಯಾಣು ಎಷ್ಟು ಜೋರಾಗಿ ಓಡುತ್ತಿದೆ ಎಂದು ಅದೇ ಲೆಕ್ಕ ಹಾಕುತ್ತಿತ್ತು. ನನ್ನವು ಬಹುಪಾಲು ಓಡುತ್ತಿವೆಯೆಂದು ರಿಪೋರ್ಟು ಬಂತು. ಶಾಲೆಯಲ್ಲಿ ಒಂದು ಓಟವನ್ನೂ ಗೆಲ್ಲದ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮನೆಯಲ್ಲಿ ನನ್ನ ತಾಯಿಗೆ, ಆಯಿಗೆ, ಹೇಳಿದೆ. ಬಿಣಗಾದ ಅಕ್ಕನ ಮನೆಗೆ ಅದಕ್ಕಾಗಿಯೇ ಹೋದೆ. ಹೆಂಡತಿಯ ತವರು ಚಿತ್ತಾಕುಲಕ್ಕೆ ಹೋಗಿ ಮಾವನಿಗೂ ತೋರಿಸಿದೆ. ವಾರಕ್ಕೊಮ್ಮೆ ಬರುತ್ತಿದ್ದ ಅವರು, ಕೊರತೆ ಮಗಳದೇ ಎಂದುಕೊಂಡು, ಆಮೇಲೆ ನಮ್ಮ ಮನೆಗೆ ಬರುವುದನ್ನೇ ನಿಲ್ಲಿಸಿದರು. ಆಯಿ ಇನ್ನೊಂದು ಸಂಬಂಧದ ಮಾತೆತ್ತಿದಳು. ನಾನು ಬೇಡವೆಂದೆ. ಎಷ್ಟು ಮೆಲ್ಲಗೆ ಅಂದೆನೆಂದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಹದಿನೈದು ದಿನ ಕಳೆದ ಮೇಲೆ ಲ್ಯಾಬಿನ ಹುಡುಗಿ ಫೋನು ಮಾಡಿ ಕರೆಸಿದಳು. ಅಂದಿನ ಚಿತ್ರವನ್ನು ಕಂಪ್ಯೂಟರಿನಲ್ಲಿ ಮತ್ತೆ ಓಡಿಸಿ ತೋರಿಸಿದಳು. ಚುಕ್ಕೆಗಳೆಲ್ಲ ಶಾಲೆಯ ಕವಾಯತಿನಂತೆ ಒಟ್ಟಿಗೇ ಎಡಕ್ಕೆ, ಒಟ್ಟಿಗೇ ಬಲಕ್ಕೆ ಸರಿಯುತ್ತಿದ್ದವು. ಬೇಲೆಕೇರಿ ಬಂದರಿಗೆ ಅದಿರಿನ ಲಾರಿಗಳು ಸಾಲುಗಟ್ಟಿ ಹೋಗುತ್ತಿದ್ದ ಕಾಲವದು.

"ಇವು ಓಡೂದಲ್ಲ ಸರ್. ಲಾರಿ ಹೋದಾಗ ಟೇಬಲ್ ನಡುಗ್ತದೆ. ಕಂಪ್ಯೂಟರಿಗೆ ಅದು ಗೊತ್ತಾಗ್ಲಿಲ್ಲ" ಎಂದಳು.

ಯಂತ್ರವನ್ನು ಹಿಂದಿನ ಕೋಣೆಯ ಕಲ್ಲಿನ ಕಟ್ಟೆಯ ಮೇಲಿಟ್ಟು, ಹೊಸದಾಗಿ ಮಾದರಿ ತೆಗೆದುಕೊಂಡು ನೋಡಿದಳು. ನನ್ನ ಓಟಗಾರರು ಕೂತಲ್ಲೇ ಕೂತಿದ್ದರು. ಒಂದೆರಡು ಮಾತ್ರ ಬಾಲ ಆಡಿಸಿದವು.

ಎರಡನೆಯ ರಿಪೋರ್ಟನ್ನು ಕಿಸೆಯಲ್ಲಿಟ್ಟುಕೊಂಡು ನಾಲ್ಕು ದಿನ ಮುಚ್ಚಿಟ್ಟೆ. ಇದನ್ನು ಹರಿದು ಎಸೆದರೆ ಯಾರಿಗೆ ಗೊತ್ತಾಗುತ್ತದೆ ಎಂದೂ ಯೋಚಿಸಿದೆ. ಐದನೆಯ ದಿನ ಬೆಳಿಗ್ಗೆ ಹೆಂಡತಿ ಮಾತ್ರೆಗೆಂದು ಲೋಟಕ್ಕೆ ನೀರು ಬಗ್ಗಿಸುವುದನ್ನು ನೋಡಲಾಗದೆ ಕೊಟ್ಟುಬಿಟ್ಟೆ. ಓದಿ, ಮಾತ್ರೆಯನ್ನು ಡಬ್ಬಿಗೆ ಹಾಕಿದಳು. ಅಳಲಿಲ್ಲ.

"ಮೊದ್ಲಿನ ಕಾಗದ ಹಿಡ್ಕಂಡು ಎಷ್ಟು ಮನಿಗೆ ಹೋಗಿದ್ರಿ? ಅಷ್ಟೂ ಮನಿಗೆ ಇದನ್ನೂ ಹಿಡ್ಕಂಡು ಹೋಗಿ ಬನ್ನಿ" ಎಂದಳು.

ಆಯಿಯಿಂದಲೇ ಸುರು ಮಾಡಿದೆ. ಅವಳು ಮೀನು ಕೊಯ್ಯುವುದನ್ನು ನಿಲ್ಲಿಸಲಿಲ್ಲ, ಆದರೆ ಸಂಬಂಧದ ಮಾತು ಮತ್ತೆ ಆಡಲಿಲ್ಲ. ಅಕ್ಕ ನಕ್ಕಳು. ಕೊನೆಗೆ ಚಿತ್ತಾಕುಲ. ಮಾವ ಕಾಗದವನ್ನು ಎರಡು ಸಲ ಓದಿ ನನ್ನ ಕೈಗೆ ಕೊಟ್ಟರು. ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದು ನನ್ನ ಜೊತೆಗೇ ಬಸ್ಸು ಹತ್ತಿದರು, ಮಗಳನ್ನು ನೋಡಬೇಕೆಂದು.