ಹೂ ಮುಡಿಸುವ ಸೂಟ್‌ಕೇಸು ಮತ್ತು ಅಜ್ಜಿಯ ಕಿವಿ ಕಡ್ಡಿ

ಅವತ್ತು ಬೆಳಿಗ್ಗೆ ಅಮ್ಮ ನನ್ನ ಜಡೆ ಹೆಣೆಯಲು ಕೂತಾಗ, ಡಬ್ಬಿಯಲ್ಲಿದ್ದ ಹೇರ್‌ಪಿನ್ನುಗಳಲ್ಲಿ ಒಂದೂ ನೆಟ್ಟಗಿರಲಿಲ್ಲ.

ಒಂದು ಕೊಕ್ಕೆಯ ಹಾಗೆ, ಇನ್ನೊಂದು ಹಾವಿನ ಹಾಗೆ... ಅಮ್ಮ ಅವನ್ನು ನೋಡಿದಳು, ನನ್ನನ್ನು ನೋಡಿದಳು, ಇದ್ದದ್ದರಲ್ಲೇ ನಾಲ್ಕನ್ನು ನೆಟ್ಟಗೆ ಮಾಡಿ ಜಡೆಗೆ ಸಿಕ್ಕಿಸಿದಳು. ಅವು ಬಗ್ಗಿದ್ದರಲ್ಲಿ ಅವಳಿಗೂ ಪಾಲಿತ್ತು.

ತೊಂಬತ್ತರ ದಶಕದ ಗುಂಡ್ಲುಪೇಟೆ. ನಮ್ಮಪ್ಪನಿಗೆ ಬೀಗ ಹಾಕುವ ಚಟ. ಸಕ್ಕರೆ ಇಡುವ ಕಪಾಟಿಗೆ, ಟಿವಿಯ ಮರದ ಪೆಟ್ಟಿಗೆಗೆ, ಕೊನೆಗೆ ಫೋನಿನ ಡಯಲ್ಲಿಗೂ ಒಂದು ಪುಟ್ಟ ಬೀಗ.

ಎಲ್ಲಕ್ಕೂ ಹಾಕಿ, ಕೀಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬೇಗೂರಿನ ತಮ್ಮ ಅಂಗಡಿಗೆ ಹೊರಟುಬಿಡುತ್ತಿದ್ದರು. ಮನೆಗೆ ನೆಂಟರು ಬಂದರೆ ಕಾಫಿಗೆ ಸಕ್ಕರೆ ಇಲ್ಲ.

ಹಾಗಾಗಿ ಬಿ.ಎ.ಗೆ ಹಳಗನ್ನಡ ಓದುತ್ತಲೇ, ಅಮ್ಮನ ಕುಮ್ಮಕ್ಕಿನಲ್ಲಿ, ನಾನು ಬೀಗ ತೆಗೆಯುವುದನ್ನೂ ಕಲಿತೆ. ನಾಲ್ಕು ಜನರ ಮುಂದೆ ಬಾಯಿ ಬಾರದ ನನಗೆ ಅದು ಯಾಕೋ ಸಲೀಸಾಗಿ ಬಂತು.

ಕಷ್ಟ ಇದ್ದದ್ದು ಸಾಮಾನು ಆರಿಸುವುದರಲ್ಲಿ. ಸದಾ ಜೊತೆಯಲ್ಲಿರಬೇಕು, ನೋಡಿದವರಿಗೆ ಅನುಮಾನ ಬರಬಾರದು.

ಕಾಂಪಾಸ್ ಬಾಕ್ಸಿನ ಮುಳ್ಳು ಬ್ಯಾಗನ್ನೇ ತೂತು ಮಾಡಿತು. ಸೇಫ್ಟಿ ಪಿನ್ನು ಬೀಗಕ್ಕಿಂತ ಮೊದಲು ನನ್ನ ಬೆರಳಿಗೆ ಹೋಗುತ್ತಿತ್ತು. ಕೊಡೆಯ ಕಡ್ಡಿ ಗಟ್ಟಿ, ಆದರೆ ಕತ್ತರಿಸಿದರೆ ಕೊಡೆ ಹೋಯಿತು.

ಹೇರ್‌ಪಿನ್ನು ತಲೆಯಲ್ಲೇ ಇರುತ್ತದೆ, ಯಾರೂ ಏನೂ ಕೇಳುವುದಿಲ್ಲ. ಆದರೆ ಬಲು ಮೆದು. ಸಕ್ಕರೆ ಕಪಾಟಿನವರೆಗೆ ಸರಿ, ಅದಕ್ಕಿಂತ ಬಿಗಿಯಾದ ಬೀಗ ಸಿಕ್ಕರೆ ಬಗ್ಗಿಬಿಡುತ್ತದೆ.

ಕೊನೆಗೆ ಸರಿಯಾದದ್ದು ಸಿಕ್ಕಿದ್ದು ಅಜ್ಜಿಯ ಎಲೆಅಡಿಕೆ ಚೀಲದಲ್ಲಿ. ಮುಳ್ಳು ತೆಗೆಯುವ ಚಿಮಟ ಮತ್ತು ಕಿವಿ ಕಡ್ಡಿ, ಎರಡನ್ನೂ ಒಂದೇ ಕೊಂಡಿಗೆ ಪೋಣಿಸಿದ್ದು. ಬೆರಳುದ್ದವೂ ಇಲ್ಲ, ಅಪ್ಪಟ ಉಕ್ಕು.

ಅಜ್ಜಿ ಒಂದೇ ಷರತ್ತು ಹಾಕಿ ಕೊಟ್ಟಳು. ಟಿವಿ ಪೆಟ್ಟಿಗೆ ತೆಗೆದಾಗಲೆಲ್ಲ ಅವಳನ್ನೂ ಕರೆಯಬೇಕು.

ಅಮ್ಮ ಜಡೆ ಹೆಣೆದ ಆ ಭಾನುವಾರ ನನ್ನನ್ನು ನೋಡಲು ಚಾಮರಾಜನಗರದಿಂದ ಗಂಡಿನ ಕಡೆಯವರು ಬಂದರು.

ಮಾರನೆಯ ದಿನವೇ ಅದೇ ಚಾಮರಾಜನಗರದ ಒಂದು ಸ್ಕೂಲಿಗೆ ನಾನು ಕನ್ನಡ ಟೀಚರಾಗಿ ಸೇರಬೇಕಿತ್ತು. ಅಪ್ಪ ಮೊದಲೇ ಹೇಳಿದ್ದರು... ಹೂ ಮುಡಿಸಿದರೆ ಕೆಲಸ ಬೇಡ, ಇಲ್ಲದಿದ್ದರೆ ಹೋಗು.

ಬರೀ ನೋಡಿಕೊಂಡು ಹೋಗುತ್ತಾರೆ ಅಂದುಕೊಂಡಿದ್ದೆ. ಅವರು ಒಂದು ಹೊಸ ಸೂಟ್‌ಕೇಸನ್ನೇ ಹೊತ್ತು ತಂದಿದ್ದರು.

ಉಪ್ಪಿಟ್ಟಿನ ತಟ್ಟೆ ಖಾಲಿಯಾಗುವುದರೊಳಗೆ ಹುಡುಗನ ತಾಯಿ, ಹುಡುಗಿ ನಮಗೆ ಒಪ್ಪಿಗೆ, ರಾಹುಕಾಲಕ್ಕೆ ಮುಂಚೆ ಹೂ ಮುಡಿಸಿಯೇ ಹೊರಡುತ್ತೇವೆ ಅಂದರು. ನನ್ನನ್ನು ಯಾರೂ ಕೇಳಲಿಲ್ಲ. ನನಗೂ ನೆಲದಿಂದ ಕಣ್ಣೆತ್ತಲು ಆಗಲಿಲ್ಲ.

ಆಮೇಲೆ ಆಕೆಯ ಕೈ ಸೊಂಟಕ್ಕೆ ಹೋಯಿತು. ಅಲ್ಲಿಂದ ಬ್ಯಾಗಿಗೆ. ಅಲ್ಲಿಂದ ಗಂಡನ ಜೇಬಿಗೆ.

ಶಾಸ್ತ್ರದ ಸೀರೆ, ಹೂವು ಎಲ್ಲ ಸೂಟ್‌ಕೇಸಿಗೆ ತುಂಬಿ ಮನೆದೇವರ ಮುಂದಿಟ್ಟು ಪೂಜೆ ಮಾಡಿದ್ದರಂತೆ. ಬೀಗದ ಕೈಗೂ ಕುಂಕುಮ ಹಚ್ಚಿ ಪಕ್ಕದಲ್ಲೇ ಇಟ್ಟಿದ್ದರಂತೆ. ಹೊರಡುವಾಗ ಸೂಟ್‌ಕೇಸು ಬಂದಿದೆ, ಬೀಗದ ಕೈ ದೇವರ ಹತ್ತಿರವೇ ಉಳಿದಿದೆ.

ಹೂವಾದರೆ ಪೇಟೆಯಲ್ಲಿ ಸಿಗುತ್ತಿತ್ತು, ದೇವರ ಮುಂದಿಟ್ಟ ಸೀರೆ ಎಲ್ಲಿ ಸಿಗುತ್ತದೆ? ಅಪ್ಪ ಸುತ್ತಿಗೆ ತಂದರು. ಶುಭಕಾರ್ಯದಲ್ಲಿ ಒಡೆಯುವುದು ಬೇಡ ಅಂದರು ಹುಡುಗನ ತಾಯಿ. ಅಪ್ಪನ ಗೊಂಚಲಿನ ಒಂದು ಕೀಯೂ ಹತ್ತಲಿಲ್ಲ.

ಸಂಬಂಧ ಎಲ್ಲಿ ತಪ್ಪಿಹೋಗುತ್ತದೋ ಎಂಬ ಆತಂಕದಲ್ಲಿ ಅಮ್ಮ ಮನೆಯ ಗುಟ್ಟು ಬಿಟ್ಟುಕೊಟ್ಟಳು. "ನಮ್ ಕೂಸು ತೆಗೀತದೆ ಬುಡಿ. ದಿನಾ ತೆಗೀತದಲ್ಲ."

ಅಪ್ಪ ನಿಧಾನವಾಗಿ ಟಿವಿ ಪೆಟ್ಟಿಗೆಯ ಕಡೆ ತಿರುಗಿದರು. ಅಜ್ಜಿ ಎಲೆಗೆ ಸುಣ್ಣ ಹಚ್ಚುವುದರಲ್ಲಿ ಮುಳುಗಿಹೋದಳು.

ಈಗ ನೋಡಿ... ರೇಷ್ಮೆ ಸೀರೆ ಉಟ್ಟು, ಎರಡೂ ಮನೆಯವರ ಮುಂದೆ, ಸೂಟ್‌ಕೇಸಿನ ಎದುರು ಮಂಡಿಯೂರಿ ಕೂತಿದ್ದೇನೆ. ಬೀಗ ತೆರೆದರೆ ನನ್ನ ಮದುವೆ.

ಬೀಗ ನೋಡಿದ ತಕ್ಷಣ ಗೊತ್ತಾಗುತ್ತದೆ, ಕಿವಿ ಕಡ್ಡಿಗೆ ಇದು ಒಂದು ಕೆಲಸವೇ ಅಲ್ಲ.

ಸೊಂಟಕ್ಕೆ ಸಿಕ್ಕಿಸಿದ್ದ ಪುಟ್ಟ ಪರ್ಸು ಬಿಚ್ಚುತ್ತೇನೆ. ಬೆರಳು ಕಿವಿ ಕಡ್ಡಿಯ ಮೇಲೆ ಒಂದು ಗಳಿಗೆ ನಿಲ್ಲುತ್ತದೆ. ಆಮೇಲೆ ಅಲ್ಲಿಂದ ಕೈ ತೆಗೆದು, ಜಡೆಯಿಂದ ಒಂದು ಹೇರ್‌ಪಿನ್ನು ಎಳೆದುಕೊಳ್ಳುತ್ತೇನೆ.

ಬಗ್ಗಿತು. ಇನ್ನೊಂದು ಹಾಕಿದೆ, ಅದೂ ಬಗ್ಗಿತು. ಬೆವರು ಒರೆಸಿಕೊಂಡೆ. ಬೆವರು ಮಾತ್ರ ನಿಜವಾದದ್ದೇ.

ಅಲ್ಲಿಯವರೆಗೆ ಸುಮ್ಮನೆ ಕೂತಿದ್ದ ಹುಡುಗ ಬಗ್ಗಿ ನೋಡಿ ಪರ್ಸಿನೊಳಕ್ಕೆ ಬೆರಳು ತೋರಿಸಿದರು. "ಆ ಕಡ್ಡಿ ಗಟ್ಟಿ ಇದ್ದಂಗದಲ್ಲ. ಅದ್ರಲ್ಲಿ ನೋಡಿ."

ನಾನು ಪರ್ಸಿನ ಬಾಯಿ ಮುಚ್ಚಿದೆ. ಉತ್ತರ ಬಂದದ್ದು ಮೂಲೆಯಲ್ಲಿದ್ದ ಅಜ್ಜಿಯಿಂದ. "ಅದು ನನ್ ಕಿವಿ ಕಡ್ಡಿ ಕಣಪ್ಪ. ಗುಗ್ಗೆ ತೆಗಿಯೋದ್ನ ದೇವ್ರ ಸೀರೆ ಪೆಟ್ಗೆಗೆ ಆಕ್ಸೀಯೇನಪ್ಪ?"

ಹುಡುಗನ ತಾಯಿ ಹಿಂದಕ್ಕೆ ಸರಿದು ಬೇಡವೇ ಬೇಡ ಅಂದರು. ನನ್ನ ಕೆದರಿದ ಜಡೆಯನ್ನು, ಕೈಯಲ್ಲಿದ್ದ ಸೊಟ್ಟ ಪಿನ್ನನ್ನು ಒಮ್ಮೆ ನೋಡಿದರು. ಆಗಿನ ಒಪ್ಪಿಗೆ ಆ ನೋಟದಲ್ಲಿ ಅಷ್ಟಾಗಿ ಕಾಣಲಿಲ್ಲ.

ರಾಹುಕಾಲ ಬಂದೇಬಿಟ್ಟಿತು. ಇನ್ನೊಂದು ದಿನ ಬರುತ್ತೇವೆ ಎನ್ನುತ್ತಾ ಸೂಟ್‌ಕೇಸು ಎತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರು.

ಅಜ್ಜಿ ಹತ್ತಿರ ಕರೆದು ಪಿಸುಗುಟ್ಟಿದಳು. "ನಿಜ್ವಾಗ್ಲೂ ಆಗ್ನಿಲ್ವೇನಮ್ಮಿ?"

ಇಲ್ಲ ಅಜ್ಜಿ ಅಂದೆ.

"ಆಗ್ನಿಲ್ಲ ಅಂದ್ರೆ ಆಗ್ನಿಲ್ಲ ಬುಡು." ಎಲೆ ಮಡಿಸಿ ದವಡೆಗಿಟ್ಟುಕೊಂಡಳು.

ಅಪ್ಪ ಜಗಲಿಯಲ್ಲಿ ಗೊಂಚಲು ಹಿಡಿದು ಒಂದೊಂದೇ ಕೀಯನ್ನು ನೋಡುತ್ತಾ ಕೂತಿದ್ದರು. ಕೆಲಸಕ್ಕೆ ಹೋಗಲಾ ಅಂತ ನಾನು ಕೇಳಲಿಲ್ಲ. ಹೂ ಮುಡಿಸಿರಲಿಲ್ಲ, ಕೇಳುವುದೇನಿತ್ತು?

ನಾಳೆ ಬೆಳಿಗ್ಗೆ ಚಾಮರಾಜನಗರದ ಮೊದಲ ಬಸ್ಸಿಗೇ ಹೊರಡುವುದು ಅಂತ ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟೆ... ಇನ್ನೊಮ್ಮೆ ನೋಡಬೇಕು ಅನ್ನಿಸಿದರೆ ಗಂಡಿನ ಕಡೆಯವರೇ ಸ್ಕೂಲಿಗೆ ಬರಲಿ.