ಡಬ್ಬಿಯ ಒಗಟು

ಪುಣೆಯ ಧನಕವಡಿಯ ಮನೆಯಲ್ಲಿ ರಾತ್ರಿ ಊಟಕ್ಕೆ ಕೂತಾಗ ಮಗಳು ನನಗೆ ಒಗಟು ಹಾಕುತ್ತಿದ್ದಳು. ನಾನೆಷ್ಟು ಪ್ರಶ್ನೆ ಕೇಳಿದರೂ ಆಟದ ನಿಯಮದಂತೆ ಅವಳ ಉತ್ತರ 'ಹೌದು' ಅಥವಾ 'ಅಲ್ಲ', ಅಷ್ಟೇ. ಗೊತ್ತಿದ್ದದ್ದನ್ನು ನೆಟ್ಟಗೆ ಹೇಳಲು ಏನು ಧಾಡಿ ಎಂದು ರೇಗುತ್ತಿದ್ದೆ. ನನ್ನ ಕೆಲಸ ಹೋಗಿ ಆಗಲೇ ತಿಂಗಳಾಗಿತ್ತು. ಮನೆಯಲ್ಲಿ ಹೇಳದೆ, ದಿನವೂ ಡಬ್ಬಿ ಹಿಡಿದು ಹೊರಟು, ಶಿವಾಜಿನಗರ ಸ್ಟೇಷನ್ನಿನ ಬೆಂಚಿನ ಮೇಲೆ ಉಂಡು ಬರುತ್ತಿದ್ದೆ.

"ಒಬ್ಬಾಂವ ದಿನಾ ಡಬ್ಬಿ ಹಿಡ್ಕೊಂಡು ಆಫೀಸಿಗಂತ ಹೊರಡ್ತಾನ, ಆದ್ರ ಆಫೀಸಿಗೆ ಹೋಗೂದಿಲ್ಲ. ಯಾಕ?" ಎಂದಳು ಒಂದು ದಿನ.

ಎತ್ತಿದ ತುತ್ತನ್ನು ತಟ್ಟೆಗಿಳಿಸಿ ಕೇಳಿದೆ:

"ಅವನ ಕೆಲಸ ಹೋಗೇದೇನು?"

"ಹೌದು."

"ಅದು ಅವನ ಹೆಂಡತಿಗೆ ಗೊತ್ತದೇನು?"

ಮಗಳು ತಾಯಿಯ ಕಡೆ ನೋಡಿದಳು. ಈ ಆಟಕ್ಕೆ ಎಂದೂ ಬಾರದ ನನ್ನ ಹೆಂಡತಿ, ಬಡಿಯುತ್ತಿದ್ದ ರೊಟ್ಟಿಯಿಂದ ಕಣ್ಣೆತ್ತದೆ, "ಹೌದ್ರಿ" ಎಂದಳು.